ಹೊಟ್ಟೆ ಮುಚ್ಚಿದ ಕೌದಿ

ಸಿಂದಗಿಯ ರೇವವ್ವನ ಮನೆಗೆ ಆ ಕೌದಿ ಬಂದದ್ದು ಮೊಮ್ಮಗನ ಜೊತೆಗೇ. ಸೊಸೆ ಶೇವಂತಿ ಇಂಗಳೇಶ್ವರದ ತವರಿನಲ್ಲಿ ಬಾಣಂತನ ಮುಗಿಸಿ ಬಸ್ಸಿನಿಂದ ಇಳಿದಾಗ ಕೂಸು ಅದರಲ್ಲಿ ಸುತ್ತಿಕೊಂಡು ಮಲಗಿತ್ತು. ಮೂಗು ಮಾತ್ರ ಕಾಣುತ್ತಿತ್ತು. ರೇವವ್ವ ಕೈ ಚಾಚಿದಳು. ಕೈಗೆ ಮೊದಲು ತಾಗಿದ್ದು ಕೂಸಲ್ಲ, ಕೌದಿ.

ಅದನ್ನು ಹೊಲಿದವಳು ಬೀಗತಿ ಮರೆವ್ವ, ಶೇವಂತಿಯ ತಾಯಿ. ಹಳೆಯ ಸೀರೆ, ಹಳೆಯ ಧೋತರ ಸೇರಿ ನಾಲ್ಕು ಪದರ. ಹೊಲಿಗೆ ಅಂಚಿನಿಂದ ಹೊರಟು ಒಳಗೊಳಗೆ ಸುತ್ತುತ್ತ ನಡುವಿಗೆ ಬಂದು ನಿಂತಿತ್ತು. ಅಲ್ಲೊಂದು ಕೆಂಪು ಚೌಕ. ಅದು ಕೌದಿಯ ಹೊಟ್ಟೆ. ಎಲ್ಲ ಮುಗಿದ ಮೇಲೆ ಅದರೊಳಗೆ ಹೋಳಿಗೆಯ ಒಂದು ಚೂರು ಇಟ್ಟು ಹೊಲಿದುಬಿಡುತ್ತಾರೆ. ಕೌದಿ ಹಸಿದಿರಬಾರದು. ಹೊಟ್ಟೆ ಮುಚ್ಚಿದ ಮೇಲೆ ಅದಕ್ಕೆ ಸೂಜಿ ಹಾಕುವುದಿಲ್ಲ. ಸವೆದು ಹರಿದರೆ ಹೊಸದನ್ನು ಹೊಲಿಯುತ್ತಾರೆ.

ರೇವವ್ವನ ಕೈಯೂ ಓಣಿಯಲ್ಲಿ ಹೆಸರಾದ ಕೈ. ಮೊಮ್ಮಗ ಬರುತ್ತಾನೆಂದು ಅವಳೂ ಒಂದು ಕೌದಿ ಹೊಲಿದಿಟ್ಟಿದ್ದಳು. ಅದನ್ನು ಹೊಚ್ಚಿದರೆ ಕೂಸು ಅಳುತ್ತಿತ್ತು. ಇಂಗಳೇಶ್ವರದ್ದನ್ನು ಹೊಚ್ಚಿದರೆ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆ ಹೋಗುತ್ತಿತ್ತು. ರೇವವ್ವನ ಕೌದಿ ಟ್ರಂಕು ಸೇರಿತು.

ಕೂಸನ್ನು ನೋಡಲು ಬಂದ ಹೆಂಗಸರು ಕೌದಿಯನ್ನು ನೋಡುತ್ತಿದ್ದರು. ಪಕ್ಕದ ಮನೆಯ ಕಸ್ತೂರೆವ್ವ ಅದರ ಮೇಲೆ ಬೆರಳಾಡಿಸಿ, "ಏನ್ ಕೈ ಐತವಾ ನಿಮ್ಮ ಬೀಗತಿದು. ಇರಿವಿ ಸಾಲ ಹಿಡದಂಗ ಐತಿ ಹೊಲಿಗಿ" ಎಂದಳು.

"ಮಾಡಾಕ ಕೆಲಸಿಲ್ಲ, ಬೊಗಸಿಲ್ಲ. ಕುಂತ ಹೊಲದಾಳ," ಎಂದಳು ರೇವವ್ವ.

"ನಿನಗೇನ್ ಕೆಲಸ ಐತಿ? ಗಿರಣಿ ಮಗ ನಡಸ್ತಾನ, ರೊಟ್ಟಿ ಸೊಸಿ ಬಡೀತಾಳ."



ಹೆಸರಿನದೂ ಹೀಗೇ ಆಗಿತ್ತು. ಕೂಸಿಗೆ ಇಟ್ಟದ್ದು ರೇವವ್ವನ ತೀರಿಹೋದ ಗಂಡನ ಹೆಸರು, ಚಂದಪ್ಪ. ಗಂಡನ ಹೆಸರನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಮೊಮ್ಮಗನನ್ನು "ಸಣ್ಣಪ್ಪಾ" ಎನ್ನುತ್ತಿದ್ದಳು. ಮರೆವ್ವ ಬಂದಾಗಲೆಲ್ಲ ಬಾಗಿಲಿನಿಂದಲೇ "ಚಂದೂ" ಎನ್ನುತ್ತಿದ್ದಳು. ಕೂಸು ತಿರುಗುತ್ತಿದ್ದುದು ಆ ಕರೆಗೆ. ತನ್ನ ಮನೆಯ ಹೆಸರು ಆಕೆಯ ಬಾಯಲ್ಲಿ ಬೆಲ್ಲದ ಹಾಗೆ ಕರಗುವುದನ್ನು ಕೇಳುತ್ತ ರೇವವ್ವ ಒಲೆಯ ಮುಂದೆ ಕೂತಿರುತ್ತಿದ್ದಳು. ಉರಿಯುವ ಕಟ್ಟಿಗೆಯನ್ನು ಸುಮ್ಮನೆ ಒಳಗೆ ನೂಕುತ್ತಿದ್ದಳು.

ಎಪ್ಪತ್ತಾರನೆಯ ಇಸವಿಯ ಮಾಘದಲ್ಲಿ ಕೂಸಿನ ಮೊದಲ ಕೂದಲು ತೆಗೆಸುವ ಜಾವಳಕ್ಕೆ ದಿನ ಗೊತ್ತಾಯಿತು. ಕೂದಲು ತೆಗೆದ ಮೇಲೆ ಕೂಸಿಗೆ ಎರೆದು ನಡುಮನೆಯಲ್ಲಿ ಮಲಗಿಸುತ್ತಾರೆ, ಓಣಿಯೆಲ್ಲ ಸುತ್ತ ಕೂಡುತ್ತದೆ. ಮತ್ತೆ ಅದೇ ಕೌದಿ, ಮತ್ತೆ ಅದೇ ಇರುವೆ ಸಾಲು.

ಶೇವಂತಿ ಕೂಸನ್ನು ಎತ್ತಿಕೊಂಡು ಗಂಡನಿಗೆ ಬುತ್ತಿ ಕೊಡಲು ಗಿರಣಿಗೆ ಹೋದ ಮಧ್ಯಾಹ್ನ ರೇವವ್ವ ಟ್ರಂಕಿನಿಂದ ತನ್ನ ಮದುವೆಯ ಹಸಿರು ಸೀರೆ ತೆಗೆದಳು. ಕತ್ತರಿ ಇಡುವಾಗ ಕೈ ಒಂದಿಷ್ಟು ತಡೆಯಿತು, ಆಮೇಲೆ ತಡೆಯಲಿಲ್ಲ. ಅದರಿಂದ ಗಿಣಿಯಾಕಾರದ ತುಂಡುಗಳನ್ನು ಕತ್ತರಿಸಿದಳು. ಕೆಂಪು ಖಣದ ಕೊಕ್ಕು ಇಟ್ಟಳು. ಇಂಗಳೇಶ್ವರದ ಕೌದಿಯ ಮೂಲೆಗೊಂದೊಂದು ಗಿಣಿ. ಎಲ್ಲಕ್ಕಿಂತ ದೊಡ್ಡದು ನಡುವೆ, ಮರೆವ್ವನ ಕೆಂಪು ಚೌಕ ಎಳ್ಳಷ್ಟೂ ಕಾಣದ ಹಾಗೆ.

ಉಪ್ಪು ಕೇಳಲು ಬಂದ ಕಸ್ತೂರೆವ್ವ ಹೊಸ್ತಿಲಲ್ಲೇ ನಿಂತಳು.

"ಹೊಟ್ಟಿ ಮುಚ್ಚಿದ ಕೌದಿಗಿ ಸೂಜಿ ಹಾಕಾಕತ್ತಿಯಲ್ಲ ರೇವವ್ವಾ."

"ಹರದಿತ್ತು."

"ಗಿಣಿ ಆಕಾರ ಹರದಿತ್ತೇನು?"

"ಬೋಳಬೋಳ ಕಾಣತಿತ್ತು. ಕೂಸಿಗಿ ನೋಡಾಕ ಏನರ ಬ್ಯಾಡೇನು?"

"ಬೇಕವಾ, ಬೇಕು. ಮದಿವಿ ಸೀರಿನ ಬೇಕು," ಎಂದು ಕಸ್ತೂರೆವ್ವ ಉಪ್ಪು ಇಸಿದುಕೊಂಡು ಹೋದಳು.

ಹೊಸ ಕೌದಿಯಾದರೆ ದಾರದ ಗಂಟನ್ನು ಪದರಗಳ ನಡುವೆ ಅಡಗಿಸಿ ಮುಂದೆ ಹೋಗಬಹುದು. ಇದು ಬಿಗಿದು ಮುಗಿದದ್ದು, ಗಂಟಿಗೆ ಸಂದು ಕೊಡಲಿಲ್ಲ. ಮೇಲಿನ ಪದರವನ್ನಷ್ಟೇ ಹಿಡಿದು ಹೊಲಿದಿದ್ದರೂ ಗಿಣಿ ಕೂಡುತ್ತಿತ್ತು. ಆದರೆ ಕೌದಿ ಹೊಲಿದ ಕೈಗೆ ಗೊತ್ತಿರುವುದು ತಳದ ತನಕ ಇಳಿದು ಮೇಲೆ ಬರುವ ಸೂಜಿ. ಸೊಸೆ ಬರುವ ಹೊತ್ತೂ ಆಗುತ್ತಿತ್ತು. ರೇವವ್ವ ದಪ್ಪ ದಾರದ ಗಂಟುಗಳನ್ನೆಲ್ಲ ಅಡಿಗೇ ಬಿಟ್ಟಳು. ಅಡಿಯನ್ನು ಯಾರು ನೋಡುತ್ತಾರೆ.

ಶೇವಂತಿ ನೋಡಿ, "ಚಂದ ಆಗ್ಯಾವ್ರಿ ಅತ್ತಿ" ಎಂದಳು. ಕೂಸನ್ನು ಕೆಳಗಿಳಿಸಿ, "ಅವ್ವಗ ಒಂದ ಮಾತ ಕೇಳಬೇಕಾಗಿತ್ತೇನೋ" ಎಂದಳು.

"ನಮ್ಮ ಮನಿ ಕೂಸಿನ ಕೌದಿಗಿ ನಿಮ್ಮವ್ವನ್ನ ಕೇಳಬೇಕೇನು?"

ಶೇವಂತಿ ಒಳಗೆ ಹೋದಳು.

ಆ ರಾತ್ರಿಯಿಂದ ಕೂಸು ಕೌದಿಯನ್ನು ಒಲ್ಲೆನ್ನತೊಡಗಿತು. ಹೊಚ್ಚಿದರೆ ಒದೆಯುತ್ತಿತ್ತು, ಕಿತ್ತು ಬದಿಗೆ ಎಸೆಯುತ್ತಿತ್ತು. ಶೇವಂತಿ ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಬೆಳಿಗ್ಗೆ ಅಂಗಿ ತೊಡಿಸುವಾಗ ರೇವವ್ವ ಕೂಸಿನ ತೊಡೆಯ ಮೇಲೆ, ಹೊಟ್ಟೆಯ ಮೇಲೆ ಕೆಂಪಗೆ ಗೀರು ಬಿದ್ದದ್ದನ್ನು ಕಂಡಳು. ಗಂಟುಗಳೆಂದು ಅವಳಿಗೆ ಆಗಲೇ ತಿಳಿಯಿತು.

ಅಷ್ಟರಲ್ಲಿ ಕೂಸು ಅವಳ ಮಡಿಲಿಗೆ ಒರಗಿತು. ಅವಳ ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆ ಹೋಯಿತು. ರೇವವ್ವ ಅಲುಗಾಡಲಿಲ್ಲ. ಕಾಲು ಜೋಮು ಹಿಡಿದರೂ ಹಾಗೇ ಕೂತಳು. ಆಮೇಲೆ ಗೀರಿಗೆ ಕೊಬ್ಬರಿ ಎಣ್ಣೆ ಸವರಿ ಅಂಗಿ ಮುಚ್ಚಿದಳು.

"ಕೂಸಿಗಿ ಆ ಕೌದಿ ಸೇರವಲ್ದು. ಎತ್ತಿಡು," ಎಂದಳು ಸೊಸೆಗೆ. ಟ್ರಂಕಿನಿಂದ ತನ್ನದನ್ನು ತೆಗೆದಳು. ಈ ಸಲ ಕೂಸು ಅಳಲಿಲ್ಲ.

ಜಾವಳದ ದಿನ ಮರೆವ್ವ ಮಗ ಸೋಮನಿಂಗನ ಜೊತೆ ಬಂದಳು. ಸೋದರಮಾವನ ತೊಡೆಯ ಮೇಲೆ ಕೂಸಿನ ಕೂದಲು ಇಳಿಯಿತು. ಎರೆದು ಮಲಗಿಸಿದ ಮೇಲೆ ಮರೆವ್ವ ಸುತ್ತ ನೋಡಿದಳು. ಅವಳ ಕೌದಿ ಮಡಿಸಿಕೊಂಡು ಮೂಲೆಯ ಹಾಸಿಗೆಗಳ ಮೇಲೆ ಕೂತಿತ್ತು.

"ಚಂದು ನನ್ನ ಕೌದಿ ಹೊಚಗೊಳ್ಳಂಗಿಲ್ಲೇನು?"

"ಒದೀತಾನ ಯವ್ವಾ," ಎಂದಳು ಶೇವಂತಿ.

"ಕೂಸಿನ ಮನಸ್ಸ್ರಿ ಬೀಗತಿ. ನಾವೇನ್ ಹೇಳೂಣು," ಎಂದಳು ರೇವವ್ವ. ಮುಖದ ಮೇಲೆ ಏನೂ ಕಾಣದಂತೆ ಎಲೆಗೆ ಸುಣ್ಣ ಹಚ್ಚಿದಳು.

ಮರೆವ್ವ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡಳು. ಗಿಣಿಗಳನ್ನು ನೋಡಿದಳು. ನಡುವಿನ ದೊಡ್ಡ ಗಿಣಿಯನ್ನು ಹೆಚ್ಚು ಹೊತ್ತು ನೋಡಿದಳು. ಅಂಗೈಯನ್ನು ಅಡಿಗೆ ಹಾಕಿ ಸವರಿದಳು. ಕೈ ನಿಂತಿತು. ತಲೆಯೆತ್ತಿ ರೇವವ್ವನನ್ನು ನೋಡಿದಳು.

ರೇವವ್ವ ಸಿದ್ಧವಾಗಿದ್ದಳು. ಬೀಗತಿ ಏನೆಂದರೆ ತಾನು ಏನೆನ್ನಬೇಕೆಂದು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದಳು.

"ಗಿಣಿ ಚಲೋ ಅದಾವ್ರಿ," ಎಂದಳು ಮರೆವ್ವ. "ಒಂದ ಸೂಜಿ ಇದ್ರ ಕೊಡ್ರಿ."

ಸೂಜಿ ತಂದುಕೊಡಬೇಕಾದವಳು ರೇವವ್ವನೇ. ಮರೆವ್ವ ಕೌದಿಯನ್ನು ಬೋರಲು ಹಾಕಿದಳು. ಒಂದೊಂದು ಗಂಟನ್ನು ಸೂಜಿಯ ಮೊನೆಯಿಂದ ಬಿಡಿಸಿ, ದಾರದ ತುದಿಯನ್ನು ಸೂಜಿಗೆ ಪೋಣಿಸಿ ಪದರದೊಳಗೆ ಓಡಿಸಿ, ಉಳಿದದ್ದನ್ನು ಹಲ್ಲಿನಿಂದ ಕಡಿದಳು.

"ಏನ್ ಮಾಡಾಕತ್ತೀರಿ ಬೀಗತ್ಯಾರ?" ಎಂದಳು ಕಸ್ತೂರೆವ್ವ.

"ಗಿಣಿ ನಮ್ಮ ಬೀಗತಿ ಹಚ್ಯಾರ. ಕೂಸಿನ ಮನಿ, ಹೊತ್ತೆಲ್ಲಿ ಸಿಗತೈತಿ? ದಾರದ ತುದಿ ಉಳದಾವು."

"ಹಂಗಾರ ಹೋಳಿಗಿ ಮ್ಯಾಲ ದಾರಾನೂ ತಿಂದು ಈ ಕೌದಿಗಿ ಎರಡೆರಡ ಊಟ ಆತು."

ಹೆಂಗಸರು ನಕ್ಕರು. ಮರೆವ್ವನೂ ನಕ್ಕಳು. ಗಿಣಿ ಹಚ್ಚಿದವಳು ರೇವವ್ವ ಎಂದು ಓಣಿಯೆಲ್ಲ ಕೇಳಿತ್ತು, ಅದೂ ಬೀಗತಿಯ ಬಾಯಿಂದ. ರೇವವ್ವನಿಗೆ ಬೇಕಾಗಿದ್ದುದು ಅದೇ. ಈಗ ಅದು ಬೇರೆಯವರು ಉಟ್ಟು ಬಿಟ್ಟ ಸೀರೆಯ ಹಾಗೆ ಮೈಮೇಲೆ ಬಿತ್ತು. ಬೈದಿದ್ದರೆ ಆಗುತ್ತಿತ್ತು.

ಕೌದಿ ಹೊಚ್ಚಿದರು. ಕೂಸು ಒದೆಯಲಿಲ್ಲ. ಮುಷ್ಟಿ ಅಂಚನ್ನು ಹುಡುಕಿ ಹಿಡಿಯಿತು.

ಎಲ್ಲರೂ ಊಟಕ್ಕೆ ಎದ್ದರು. ಕೂಸಿನ ಬಳಿ ಇರುತ್ತೇನೆಂದು ರೇವವ್ವ ಉಳಿದಳು. ಹಿತ್ತಲ ಕಡೆಯಿಂದ ತಾಟಿನ ಸದ್ದು, ಮರೆವ್ವನ ನಗೆ ಕೇಳುತ್ತಿತ್ತು. ಅವಳು ಮೆಲ್ಲಗೆ ಕೌದಿಯ ಅಡಿಗೆ ಕೈ ಹಾಕಿದಳು. ಹೊಲಿಗೆ ತನ್ನದು. ಗಂಟು ಎಲ್ಲೆಲ್ಲಿ ಬಿಟ್ಟಿದ್ದೆನೆಂಬುದು ತನ್ನ ಬೆರಳಿಗೆ ಗೊತ್ತಿರಬೇಕು. ಮೂಲೆಯ ಗಿಣಿಯ ಕೆಳಗೆ ತಡವಿದಳು. ಸಿಗಲಿಲ್ಲ. ಇನ್ನೊಂದು ಮೂಲೆಗೆ ಸರಿದಳು, ಸಿಗಲಿಲ್ಲ. ಒಂದಾದರೂ ಉಳಿದಿರಬೇಕು, ಒಂದಾದರೂ ಬೆರಳಿಗೆ ಚುಚ್ಚಬೇಕು. ನಡುವಿನ ಗಿಣಿಯ ಕೆಳಗೆ ಉಗುರಿನಿಂದ ಗೀರಿ ಗೀರಿ ನೋಡಿದಳು. ತಳ ಎಣ್ಣೆ ಹಚ್ಚಿದಂತೆ ನುಣ್ಣಗಿತ್ತು.

ಕೂಸು ಬೆಚ್ಚಿ ಎದ್ದು ಅಳತೊಡಗಿತು.

ಶೇವಂತಿ ಎಂಜಲು ಕೈಯಲ್ಲೇ ಬಾಗಿಲಿಗೆ ಬಂದಳು. "ಈಗರ ಮಲಗಿತ್ತಲ್ರಿ ಅತ್ತಿ. ಯಾಕ ಎದ್ದಿತು?"

"ಸೊಳ್ಳಿ ಕಡೀತು ಕಾಣತೈತಿ," ಎಂದಳು ರೇವವ್ವ. ಕೈಯನ್ನು ಅವಳಿನ್ನೂ ತೆಗೆದಿರಲಿಲ್ಲ.