ತಂಗಿಯ ರಕ್ತದ ಅಂಕಿ

ತಂಗಿಯ ರಕ್ತದ ವರದಿ ಫೋನಿಗೆ ಬಂದಿಳಿದಾಗ ಅಣ್ಣ ಜೇನುಪೆಟ್ಟಿಗೆಯ ಚೌಕಟ್ಟಿನಿಂದ ಮೇಣ ಕೆರೆಯುತ್ತಿದ್ದ. ಹೋದ ತಿಂಗಳು ಒಂದೇ ಒಂದು ಹುಳ ಕಚ್ಚಿದ್ದಕ್ಕೆ ಅವಳ ಮೈತುಂಬ ದದ್ದೆದ್ದು ಕಣ್ಣು ಕತ್ತಲಿಟ್ಟಿತ್ತು. ಅಂದಿನಿಂದ ಡಾಕ್ಟರಮ್ಮ ಅವಳನ್ನು ಪೆಟ್ಟಿಗೆಗಳಿಂದ ದೂರವಿಟ್ಟಿದ್ದರು; ವರದಿಯೊಡನೆ ಸೋಮವಾರ ಬರಹೇಳಿದ್ದರು. ಇಂದಿನ್ನೂ ಶುಕ್ರವಾರ.

ಮೂರು ವರ್ಷದ ಹಿಂದೆ ಜೇನು ಸಾಕುವವರ ಸಂಘದ ಶಿಬಿರದಲ್ಲಿ ಅಣ್ಣನ ರಕ್ತವನ್ನೂ ಪರೀಕ್ಷಿಸಿದ್ದರು. "ಅಂಕಿ ಭರ್ಜರಿಯಾಗಿದೆ, ವಿಷ ನಿಮಗೆ ನಾಟೋದಿಲ್ಲ" ಎಂದು ಅಲ್ಲಿಯವರು ಬೆನ್ನು ತಟ್ಟಿದ್ದು ಅವನಿಗೆ ವೇದವಾಕ್ಯವಾಗಿತ್ತು.

"ನೋಡೇ, ನಿಂದು ನನಗಿಂತ ಜಾಸ್ತಿ ಬಂದಿದೆ."

"ಕೆಂಪಕ್ಷರದಲ್ಲಿದೆಯಲ್ಲೋ ಅಣ್ಣಾ."

"ಶಾಲೇಲಿ ಯಾವತ್ತಾದ್ರೂ ಇಷ್ಟು ಮಾರ್ಕ್ಸ್ ಕಂಡಿದ್ಯಾ? ಅದಕ್ಕೇ ಹೆದರ್ಕೋತೀಯ."

"ಸೋಮವಾರದ ತನಕ ತಡಿಯೋಣ್ವಾ?"

"ನಾನು ತಡೀತೀನಿ. ಹುಳ ತಡಿಯತ್ತಾ?"

ನಾಲ್ಕು ಪೆಟ್ಟಿಗೆಗಳಲ್ಲಿ ಹೊಸ ರಾಣಿಯ ಗೂಡುಗಳು ಮೂಡಿದ್ದವು. ಅಂದೇ ಹುಳಗಳನ್ನು ಬೇರೆ ಪೆಟ್ಟಿಗೆಗಳಿಗೆ ಪಾಲು ಮಾಡದಿದ್ದರೆ ಹಿಂಡುಗಳು ಹಾರಿಹೋಗುವುದು ನಿಶ್ಚಯ. ಒಂಟಿ ಕೈಗೆ ಆಗುವ ಕೆಲಸವಲ್ಲ. ಅವಳು ಮುಖಪರದೆ ಕಟ್ಟಿಕೊಂಡಳು.

ಮೂರು ಪೆಟ್ಟಿಗೆಗಳು ಮುಗಿದವು. ನಾಲ್ಕನೆಯದರ ಮುಚ್ಚಳ ಎತ್ತುತ್ತಿದ್ದಂತೆ ಒಂದು ಹುಳ ಅವಳ ಅಂಗಿಯ ತೋಳಿನೊಳಕ್ಕೆ ನುಗ್ಗಿ ಕಚ್ಚಿತು. ಅವಳು ಅಭ್ಯಾಸಬಲದಿಂದ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆದಳು. ಎರಡು ನಿಮಿಷಕ್ಕೆ ತುಟಿ ಊದಿತು, ಗಂಟಲು ಕಟ್ಟಿತು. ಹೊತ್ತೊಯ್ದು ವ್ಯಾನಿನಲ್ಲಿ ಮಲಗಿಸುವಾಗ ಅವಳೇ ಅವನಿಗೆ ಧೈರ್ಯ ಹೇಳಿದಳು: "ಹೆದರ್ಬೇಡ... ನಂದು ಜಾಸ್ತಿ ಇದೆಯಲ್ಲ." ಆಮೇಲೆ ಮಾತಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಮಾತನ್ನು ಕೊನೆಯವರೆಗೂ ಕೇಳಿದರು.

"ಅವತ್ತು ನಿಮ್ಮ ರಕ್ತದಲ್ಲಿ ಅಳೆದಿದ್ದು ವಿಷ ತಡೆಯೋ ಪ್ರತಿಕಾಯ. ಇದು ಅಲರ್ಜಿ ತರೋದು. ಅದೇ ಬೇರೆ, ಇದೇ ಬೇರೆ. ಇಷ್ಟಿರುವಾಗ ಅವರು ಪೆಟ್ಟಿಗೆ ಹತ್ರಾನೂ ಸುಳೀಬಾರದಿತ್ತು."

"ಉಳೀತಾಳಾ?"

"ಹೃದಯ ಎರಡು ಸಲ ನಿಂತಿತ್ತು. ಈಗ ಉಸಿರಾಡ್ತಿರೋದು ಯಂತ್ರ. ಅವರು ಕಣ್ಣು ಬಿಡ್ತಾರೆ ಅಂತ ನಾನು ಹೇಳಲಾರೆ."

ಅಷ್ಟರಲ್ಲಿ ತಂಗಿಯ ಗಂಡ ಏದುಸಿರು ಬಿಡುತ್ತ ಓಡಿಬಂದು ಅವನ ಎರಡೂ ಕೈಗಳನ್ನು ಹಿಡಿದುಕೊಂಡ.

"ನೀವು ಜೊತೇಲಿದ್ರಿ ಅನ್ನೋದೊಂದೇ ಸಮಾಧಾನ, ಭಾವ. ರಿಪೋರ್ಟ್ ಬಂದಿತ್ತಂತಲ್ಲ, ಅದ್ರಲ್ಲೇನಿತ್ತು?"

ಆ ಹಿಡಿತ ಬೆಚ್ಚಗಿತ್ತು, ನಂಬಿಕೆಯಿಂದ ಬಿಗಿಯಾಗಿತ್ತು. ತಾನು ಆಡುವ ಮೊದಲ ಮಾತಿಗೇ ಅದು ಸಡಿಲುವುದೆಂದು ಅಣ್ಣನಿಗೆ ಗೊತ್ತಿತ್ತು.

"ಓದಿದ್ದು ನಾನು," ಎಂದ.