ಮಂಗಳವಾರದ ಫೋನು

ನಮ್ಮೂರಿನ ಆರೋಗ್ಯ ಸಹಾಯಕಿಯರ ಸಂಘದಲ್ಲಿ ಒಂದು ಕಾಲಕ್ಕೆ ಮೂವತ್ತೆಂಟು ಹೆಂಗಸರಿದ್ದೆವು. ಈಗ ಉಳಿದವರು ಇಬ್ಬರು: ಎಪ್ಪತ್ತೊಂಬತ್ತರ ಫುಕುಯೆ, ಎಪ್ಪತ್ತೊಂದರ ನಾನು, ಮಿನೆಕೊ. ಅವಳು ಅಧ್ಯಕ್ಷೆ, ನಾನು ಕಾರ್ಯದರ್ಶಿ. ಸದಸ್ಯರು ಯಾರೂ ಇಲ್ಲ. ಮಾರ್ಚ್ ಮೂವತ್ತೊಂದಕ್ಕೆ ಸಂಘ ಮುಚ್ಚುತ್ತದೆ ಎಂದು ಪಟ್ಟಣದ ಕಚೇರಿಯವರು ಡಿಸೆಂಬರಿನಲ್ಲೇ ಕಾಗದ ಕಳಿಸಿದರು. ಬಹಳ ಮರ್ಯಾದೆಯ ಕಾಗದ. ಓದಿ ಮುಗಿಸಿದಾಗ ನಮಗೆ ಬಹುಮಾನವೇ ಬಂದಿದೆಯೇನೋ ಅನ್ನಿಸಿತು.

ನಮ್ಮ ಕೆಲಸ ಏನೆಂದರೆ ಮನೆಮನೆಗೆ ಹೋಗಿ ಸೋಯಾಕಾಳಿನ ಮಿಸೊ ಸಾರಿಗೆ ಉಪ್ಪಳೆಯುವ ಕಡ್ಡಿ ಅದ್ದುವುದು. ಜಪಾನಿನ ಉತ್ತರದ ನಮ್ಮ ಅಕಿತದ ಚಳಿಗಾಲವೆಂದರೆ ಉಪ್ಪಿನಕಾಯಿ, ಉಪ್ಪುಮೀನು, ಉಪ್ಪುಸಾರು. ವಸಂತ ಬರುವಷ್ಟರಲ್ಲಿ ಬೀದಿಗೊಬ್ಬರಿಗೆ ಲಕ್ವ ಹೊಡೆದಿರುತ್ತಿತ್ತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುವವರ ಬಾಯಿಯಿಂದ ಉಪ್ಪು ಬಿಡಿಸುವುದು ಹುಡುಗಾಟವಲ್ಲ. ಅದಕ್ಕೇ ನಮ್ಮ ಸಂಘದ ಸೆತ್ಸು ಚಿತ್ರ ಬರೆದಳು. ಹದಿನಾರು ದಪ್ಪ ರಟ್ಟುಗಳು. ಮರದ ಚೌಕಟ್ಟಿನಲ್ಲಿಟ್ಟು ಒಂದೊಂದಾಗಿ ಎಳೆಯುತ್ತಾ ಕಥೆ ಹೇಳಬೇಕು. ಕಥೆಯಲ್ಲಿ ಒಬ್ಬ ಅತ್ತೆ ಇದ್ದಾಳೆ, ಸೊಸೆ ಬೆನ್ನು ತಿರುಗಿಸಿದ ಕೂಡಲೇ ಸಾರಿಗೆ ಇನ್ನೊಂದು ಹಿಡಿ ಉಪ್ಪು ಸುರಿಯುತ್ತಾಳೆ. ಅದು ಸೆತ್ಸುವಿನ ಅತ್ತೆಯದೇ ಮುಖ. ಇಡೀ ಊರಿಗೆ ಗೊತ್ತಿತ್ತು, ಆ ಅತ್ತೆಯೊಬ್ಬಳನ್ನು ಬಿಟ್ಟು.

ಸಂಘ ಮುಚ್ಚಲಿ, ನನಗೇನೂ ಬೇಜಾರಿರಲಿಲ್ಲ. ಆದರೆ ಆ ಚಿತ್ರಗಳ ಪೆಟ್ಟಿಗೆ ಕಚೇರಿಯ ಉಗ್ರಾಣಕ್ಕೆ ಹೋಗುತ್ತದೆ ಎಂದದ್ದನ್ನು ಮಾತ್ರ ಒಪ್ಪಲಾಗಲಿಲ್ಲ. ಸೆತ್ಸು ಬರೆದದ್ದು ಅಷ್ಟೇ. ಆಮೇಲೆ ಅವಳ ಬಲಗೈ ಕುಂಚ ಹಿಡಿಯಲಿಲ್ಲ.

ದಾರಿ ತೋರಿಸಿದವಳು ಶಿಹೋ. ಕಚೇರಿಯ ಆರೋಗ್ಯ ವಿಭಾಗದ ದಾದಿ, ಇಪ್ಪತ್ತಾರು ವರ್ಷ, ಮಾತಿಗಿಂತ ಬೆರಳು ಚುರುಕು.

"ಮಿನೆಕೊ-ಸಾನ್, ಉಪ್ಪಿನ ಪಾಠ ಹೇಳೋರು ನೀವಿಬ್ರೇನಾ? ಪ್ರಪಂಚದಲ್ಲಿ ಎಷ್ಟೋ ಜನ ಇದಾರೆ. ವಿಳಾಸ ಹುಡುಕಿ ಚಿತ್ರದ ಫೋಟೋ ತೆಗೆದು ಕಳಿಸೋಣ. ಎಲ್ಲಾರ್ನೂ ಸೇರಿಸಿ ಒಂದು ಬಳಗ ಮಾಡೋಣ. ಚಿತ್ರ ಬಳಕೇಲಿದ್ರೆ ಯಾರೂ ಉಗ್ರಾಣಕ್ಕೆ ಹಾಕಲ್ಲ."

"ವಿಳಾಸ ಎಲ್ಲಿ ಸಿಗುತ್ತೆ?"

"ಇಂಟರ್ನೆಟ್‌ನಲ್ಲಿ. ಎಲ್ಲಾರೂ ಪುಟದ ಕೊನೇಲಿ ಬರ್ಕೊಂಡಿರ್ತಾರೆ."

ಹೌದು, ಬರೆದುಕೊಂಡಿರುತ್ತಾರೆ. ಜನವರಿಯ ಮೊದಲ ವಾರವಿಡೀ ನಾವು ಮೂವರು ಸಮುದಾಯ ಭವನದಲ್ಲಿ ಸೀಮೆಎಣ್ಣೆ ಒಲೆಯ ಪಕ್ಕ ಕೂತು ಪುಟಗಳ ಕೊನೆಯನ್ನೇ ನೋಡಿದೆವು. ಆಸ್ಪತ್ರೆ, ಶಾಲೆ, ಚರ್ಚು, ಮೀನುಗಾರರ ಸಂಘ. ಕೆಲವು ಪುಟ ಹದಿನೈದು ವರ್ಷ ಹಳೆಯವು. ಶಿಹೋ ಅರವತ್ತಮೂರು ವಿಳಾಸ ಕೂಡಿಹಾಕಿದಳು. ಕಾಗದ ಬರೆಯುವ ಹೊಣೆ ಫುಕುಯೆಗೆ ಬಿತ್ತು.

ಅಲ್ಲೇ ಎಡವಟ್ಟಾಯಿತು. ಗುರುತಿಲ್ಲದವರಿಗೆ ಬರೆಯುವಾಗ ಋತುವಿನ ಮಾತಿಲ್ಲದೆ ಶುರುಮಾಡುವುದುಂಟೇ? ಫುಕುಯೆ ಮೊದಲ ಪುಟವಿಡೀ ಹಿಮದ ಬಗ್ಗೆ ಬರೆದಳು: ಈ ವರ್ಷ ಬಾಗಿಲ ಮುಂದೆ ಎರಡು ಮೀಟರು ಬಿದ್ದಿದೆ, ಮಾಡು ಮುರಿದೀತೆಂಬ ಭಯ, ನಮ್ಮಂಥ ಮುದುಕಿಯರಿಗೆ ಸಲಿಕೆ ಎತ್ತಲಾಗುವುದಿಲ್ಲ. ಎರಡನೆಯ ಪುಟದಲ್ಲಿ ಐದು ಸಲ ಕ್ಷಮೆ ಕೇಳಿದಳು. ಮೂರನೆಯ ಪುಟದ ಕೊನೆಯ ಸಾಲಿನಲ್ಲಿ, ತಮಗೆ ತೊಂದರೆಯಾಗದಿದ್ದರೆ ನಮ್ಮ ಚಿತ್ರಗಳನ್ನು ನೋಡುವಿರಾ ಎಂದಿತ್ತು. ನಾನು ಓದಿ, ಅಚ್ಚುಕಟ್ಟಾಗಿದೆ ಎಂದೆ. ಶಿಹೋ ಅದನ್ನು ಇಂಗ್ಲಿಷಿಗೆ ತಿರುಗಿಸಿ ಅರವತ್ತಮೂರು ಕಡೆಗೂ ಇಮೇಲ್ ಮಾಡಿದಳು.

ಇಪ್ಪತ್ತು ಕಾಗದ ಮುಟ್ಟದೆ ತಿರುಗಿ ಬಂದವು. ಉಳಿದವುಗಳ ಸದ್ದಿಲ್ಲ. ಹನ್ನೆರಡನೆಯ ದಿನ ಒಂದೇ ಒಂದು ಉತ್ತರ ಬಂತು, ಮಂಗೋಲಿಯಾದಿಂದ. ಕುರಿಗಾಹಿಗಳ ನಡುವೆ ಆರೋಗ್ಯಪಾಠ ಹೇಳುವ ದುಲ್ಮಾ ಎಂಬವಳದು. ಶಿಹೋ ಓದಿ ಹೇಳಿದಳು:

"ನಿಮ್ಮ ಹಿಮದ ಸುದ್ದಿ ಕೇಳಿ ತುಂಬಾ ದುಃಖವಾಯಿತು. ನಮಗೂ ಇದು ಗೊತ್ತು. ಎಷ್ಟು ಜಾನುವಾರು ಸತ್ತವು? ನಮ್ಮ ಹಳ್ಳಿಯವರು ಉಣ್ಣೆಯ ಕಂಬಳಿ ಕೂಡಿಸುತ್ತಿದ್ದಾರೆ. ಯಾವ ವಿಳಾಸಕ್ಕೆ ಕಳಿಸೋಣ?"

ಶಿಹೋ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಫುಕುಯೆಯ ಮುಖ ಮಾತ್ರ ಹುಳಿ ಹಣ್ಣಿನಂತಾಗಿತ್ತು.

"ನಗ್ಬೇಡ ಕಣೇ. ಅರವತ್ತಮೂರು ಜನರಲ್ಲಿ ಮನುಷ್ಯತ್ವ ಇರೋಳು ಇವ್ಳೊಬ್ಳೇ."

"ಸಹಾಯ ಬೇಡೋ ಹಾಗೆ ನೀನೇ ಬರ್ದಿದ್ದು," ಎಂದೆ.

"ಅಚ್ಚುಕಟ್ಟಾಗಿದೆ ಅಂದಿದ್ಯಾರು?"

ದುಲ್ಮಾಗೆ ಈ ಸಲ ನಾನು ಬರೆದೆ, ನಾಲ್ಕೇ ಸಾಲು. ಕಂಬಳಿ ಬೇಡ ತಾಯಿ, ನಮ್ಮದು ಉಪ್ಪಿನ ವಿಷಯ, ಇಗೋ ಚಿತ್ರಗಳು. ಮರುದಿನವೇ ಉತ್ತರ ಬಂತು: ನಾವು ಚಹಾಕ್ಕೇ ಉಪ್ಪು ಹಾಕುತ್ತೇವೆ! ವಾರದೊಳಗೆ ಒಂದು ಫೋಟೋ ಬಂತು. ಗುಡಾರದೊಳಗೆ ಹದಿನೈದು ಜನ, ನಡುವೆ ಸೆತ್ಸುವಿನ ಅತ್ತೆ ಉಪ್ಪು ಸುರಿಯುತ್ತಿದ್ದಾಳೆ, ಎಲ್ಲರೂ ಒಬ್ಬಳೇ ಮುದುಕಿಯ ಕಡೆ ತಿರುಗಿ ನಗುತ್ತಿದ್ದಾರೆ. ಆ ಮುದುಕಿಯ ಮುಖ ಸಿಡಿಮಿಡಿ. ಅದನ್ನು ನೋಡಿ ನನಗೆ ಅಳು ಬಂತು, ಒಲೆಯ ಹೊಗೆ ಎಂದೆ.

ಆಗ ಫುಕುಯೆಗೆ ಹಳೆಯದೊಂದು ನೆನಪಾಯಿತು.

"ಲೇ ಮಿನೇ, ನಾವು ಆಗ ಹೇಗೆ ಸುದ್ದಿ ಮುಟ್ಟಿಸ್ತಿದ್ವಿ? ಮೂವತ್ತೆಂಟು ಜನಕ್ಕೂ ನಾನೇ ಕೂಗ್ತಿದ್ನಾ? ಸರಪಳಿ ಇತ್ತಲ್ಲ."

ಫೋನಿನ ಸರಪಳಿ. ಎಲ್ಲರ ಮನೆಯಲ್ಲೂ ಗೋಡೆಗೆ ಅಂಟಿಸಿದ್ದ ಒಂದು ಹಾಳೆ. ಮೊದಲನೆಯವಳು ಎರಡನೆಯವಳಿಗೆ ಫೋನು ಮಾಡಬೇಕು, ಎರಡನೆಯವಳು ಮೂರನೆಯವಳಿಗೆ. ಕೊನೆಯವಳು ಮೊದಲನೆಯವಳಿಗೆ ತಿರುಗಿ ಮಾಡಿ "ಮುಟ್ಟಿತು" ಅನ್ನಬೇಕು. ಯಾರಾದರೂ ಎತ್ತದಿದ್ದರೆ ಅವರನ್ನು ದಾಟಿ ಮುಂದಿನವರಿಗೆ ಮಾಡಬಹುದು. ಆದರೆ ದಾಟಿದವಳು ಸುಮ್ಮನಾಗುವ ಹಾಗಿಲ್ಲ. ಆ ಮನೆ ಅವಳ ಹೊಣೆ, ಸಿಗುವ ತನಕ ಮಾಡುತ್ತಲೇ ಇರಬೇಕು.

ಶಿಹೋಗೆ ಇದು ಬಹಳ ಹಿಡಿಸಿತು. "ಒಬ್ಬೊಬ್ರು ಇನ್ನೊಬ್ಬರನ್ನ ಇಂಟರ್ನೆಟ್‌ನಲ್ಲಿ ಹುಡುಕಿ, ಫೋನ್ ಮಾಡಿ, ನಿಜವಾಗ್ಲೂ ಇದಾರಾ ನೋಡಿ, ಆಮೇಲೆ ಚಿತ್ರ ಕಳಿಸ್ಬೇಕು. ಅಷ್ಟೇ ನಿಯಮ."

ಮೊದಲನೆಯವಳು ಫುಕುಯೆ, ಎರಡನೆಯವಳು ನಾನು. ನನ್ನ ಪಾಲಿಗೆ ಆ ಅರವತ್ತಮೂರರಲ್ಲಿ ಇಲ್ಲದ ಹೊಸದೊಂದು ಸಂಖ್ಯೆ ಹುಡುಕಿಕೊಂಡೆ. ಕೊರಿಯಾದ ಒಂದು ಪುಟ್ಟ ದ್ವೀಪದ ಆರೋಗ್ಯಕೇಂದ್ರ. ಪುಟದಲ್ಲಿ ಇಮೇಲಿಲ್ಲ, ಫೋನೊಂದೇ. ಫೆಬ್ರವರಿಯ ಮೊದಲ ಮಂಗಳವಾರ, ಹತ್ತು ಗಂಟೆಗೆ, ಭವನದ ಫೋನಿನಿಂದ ಮಾಡಿದೆ. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಸರಿ, ದಾಟಿ ದುಲ್ಮಾಗೆ ಒಪ್ಪಿಸಿದೆ. ಅವಳು ಕಜಕಿಸ್ತಾನದ ಒಬ್ಬ ದಾದಿಯನ್ನು ಹುಡುಕಿದಳು, ದಾದಿ ಜಾರ್ಜಿಯಾದ ಒಬ್ಬ ಮೇಷ್ಟ್ರನ್ನು. ಸರಪಳಿ ನಡೆಯಿತು.

ನಾನು ಮಾತ್ರ ಮಂಗಳವಾರ ಹತ್ತಕ್ಕೆ ದ್ವೀಪಕ್ಕೆ ಫೋನು ಮಾಡುತ್ತಲೇ ಇದ್ದೆ. ಫೆಬ್ರವರಿಯಿಂದ ಭವನದ ಬೀಗ ತೆಗೆಯುತ್ತಿದ್ದುದು ಅದೊಂದೇ ದಿನ, ಅದೊಂದೇ ಹೊತ್ತಿಗೆ. ಐದನೆಯ ವಾರ ಶಿಹೋ ತಡೆದಳು.

"ಆ ಪುಟ ತುಂಬಾ ಹಳೇದು. ಕೇಂದ್ರನೇ ಮುಚ್ಚಿರ್ಬೇಕು. ಬಿಟ್ಬಿಡಿ, ಬೇರೆ ಹುಡುಕ್ಕೊಡ್ತೀನಿ."

"ಗಂಟೆ ಹೊಡೀತಿದೆಯಲ್ಲ. ಗಂಟೆ ಹೊಡೆಯೋ ಕಡೆ ಫೋನಿದೆ, ಫೋನಿರೋ ಕಡೆ ಮನೆ ಇದೆ."

"ಯಾಕಿಷ್ಟು ಹಟ?"

ಹೇಳಿಬಿಟ್ಟೆ. ನಲವತ್ತೊಂದು ವರ್ಷ ಯಾರಿಗೂ ಹೇಳದಿದ್ದದ್ದನ್ನು, ಚಹಾ ಆರುತ್ತಿರುವಾಗ, ಹೆತ್ತ ಮಗಳೂ ಅಲ್ಲದವಳ ಮುಂದೆ. ಆ ಜನವರಿಯಲ್ಲಿ ಬಿರುಗಾಳಿಯ ಮುನ್ಸೂಚನೆ ಇತ್ತು. ರಕ್ತದೊತ್ತಡ ನೋಡುವ ವೈದ್ಯರು ಒಂದು ದಿನ ಮೊದಲೇ ಬರುತ್ತಾರೆಂದು ಸರಪಳಿಯಲ್ಲಿ ಸುದ್ದಿ ಬಂತು. ನನ್ನ ಮುಂದಿನ ಹೆಸರು ಸೆತ್ಸು. ಫೋನು ಮಾಡಿದೆ, ಎತ್ತಲಿಲ್ಲ. ಮಾಡಿನ ಮೇಲೆ ಹತ್ತಿ ಹಿಮ ಎಳೆಯುತ್ತಿದ್ದಳಂತೆ. ಅವಳನ್ನು ದಾಟಿ ಮುಂದಿನವಳಿಗೆ ಮಾಡಿದೆ. ಆಮೇಲೆ ಮಗು ಅತ್ತಿತು, ನೆಂಟರು ಬಂದರು, ಮರೆತೆ. ವೈದ್ಯರು ಬಂದು ಹೋದದ್ದು ಸೆತ್ಸುವಿಗೆ ತಿಳಿಯಲೇ ಇಲ್ಲ. ಒಂಬತ್ತನೆಯ ದಿನ ಸ್ನಾನದ ಮನೆಯಲ್ಲಿ ಬಿದ್ದಳು. ಬಲಗೈ ಹೋಯಿತು, ಮಾತು ಹೋಯಿತು. ಇಪ್ಪತ್ತೆರಡು ವರ್ಷ ಹಾಗೇ ಇದ್ದಳು. ಹೊಸವರ್ಷಕ್ಕೆ ಹೋದಾಗಲೆಲ್ಲ ಎಡಗೈಯಿಂದ ನನ್ನ ಬಟ್ಟಲಿಗೆ ಚಹಾ ಸುರಿಯುತ್ತಿದ್ದಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಅವಳ ಮನೆಯ ಚಹಾ ಕುಡಿಯುವಾಗೆಲ್ಲ ನನಗೆ ಆ ಮಾತೇ ನೆನಪಾಗುತ್ತಿತ್ತು.

ಒಲೆಯ ಪಕ್ಕದಿಂದ ಫುಕುಯೆ ಮಾತಾಡಿದಳು.

"ನಂಗೊತ್ತಿತ್ತು ಕಣೆ."

"ಏನು?"

"ಕೊನೆಯವಳು ಫೋನ್ ಮಾಡಿ ಮುಟ್ಟಿತು ಅಂದ್ಳು. ದಾಟಿದೋರು ಯಾರಾದ್ರೂ ಇದಾರಾ ಅಂತ ಕೇಳೋದು ನನ್ನ ಕೆಲ್ಸ. ಚಳಿ ಇತ್ತು. ಕೇಳ್ಲಿಲ್ಲ. ಸೆತ್ಸು ಬಿದ್ಮೇಲೆ ಹಾಳೆ ನೋಡ್ದೆ, ಅವ್ಳಿಗಿಂತ ಮೊದ್ಲಿನ ಹೆಸ್ರು ನಿಂದೇ."

ನಲವತ್ತೊಂದು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದೇವೆ ನಾವು. ಅವಳ ಮೇಲೆ ಸಿಟ್ಟು ಬಂತು, ಮರುಗಳಿಗೆ ಇಳಿಯಿತು. ಮೂಲಂಗಿ ಉಪ್ಪಿನಕಾಯಿಯ ತಟ್ಟೆಯನ್ನು ಅವಳತ್ತ ತಳ್ಳಿದೆ. ಒಂದೇ ಚೂರು ತೆಗೆದುಕೊಂಡಳು.

ಮಾರ್ಚ್ ನಡುವಿಗೆ ಪೋರ್ಚುಗಲ್ಲಿನ ಮೀನುಗಾರರ ಹಳ್ಳಿಯೊಂದರಿಂದ ಫುಕುಯೆಗೆ ಕಾಗದ ಬಂತು. ಉಪ್ಪುಮೀನು ತಿನ್ನುವವರ ಹಳ್ಳಿಯಂತೆ. ಹನ್ನೊಂದು ಕೊಂಡಿ ದಾಟಿ ಸರಪಳಿ ಮನೆಗೆ ಬಂದಿತ್ತು. "ಮುಟ್ಟಿತು" ಎಂದಷ್ಟೇ ಬರೆದಿದ್ದರು, ನಮ್ಮ ಲಿಪಿಯಲ್ಲಿ, ಚಿತ್ರ ಬರೆದ ಹಾಗೆ. ಫುಕುಯೆ ಕನ್ನಡಕ ಹಾಕಿಕೊಂಡು ಕೂಡಲೇ ಶಿಹೋಳ ಕೈಯಿಂದ ಸರಪಳಿಯ ಎಲ್ಲರಿಗೂ ಬರೆಸಿದಳು: ದಾಟಿಹೋದವರು ಯಾರಾದರೂ ಇದ್ದಾರೆಯೇ? ಹನ್ನೊಂದು ಕಡೆಯಿಂದಲೂ ಇಲ್ಲವೆಂದು ಬಂತು. ಇದ್ದದ್ದು ನನ್ನದೊಂದೇ.

ಮಾರ್ಚ್ ಮೂವತ್ತೊಂದು ಮಂಗಳವಾರವೇ ಆಗಿತ್ತು. ಭವನ ಗುಡಿಸಿ, ಕುರ್ಚಿ ಪೇರಿಸಿದೆವು. ಚಿತ್ರಗಳ ಪೆಟ್ಟಿಗೆ ಉಗ್ರಾಣಕ್ಕಲ್ಲ, ಶಿಹೋಳ ಮೇಜಿನ ಪಕ್ಕಕ್ಕೆ ಹೋಗುವುದೆಂದು ಆಗಿತ್ತು. ದಿನಕ್ಕೊಬ್ಬರು ಕೇಳಿ ಬರೆಯುತ್ತಿದ್ದರು. ಶಿಹೋ ಕಾರು ತರಲು ಹೋಗಿದ್ದಳು. ಗಾಳಿ ಜೋರಾಗಿತ್ತು. ಹತ್ತು ಗಂಟೆಗೆ ಕೊನೆಯ ಸಲ ಸಂಖ್ಯೆ ಒತ್ತಿದೆ.

ಎರಡನೆಯ ಸಲ ಗಂಟೆ ಹೊಡೆಯುವಷ್ಟರಲ್ಲೇ ಎತ್ತಿದರು.

"ಯೊಬೊಸೆಯೊ?" ಹೆಂಗಸಿನ ದನಿ, ವಯಸ್ಸಾದದ್ದು. ಹಲೋ ಅನ್ನುತ್ತಿದ್ದಾಳೆ ಎಂದಷ್ಟೇ ತಿಳಿಯಿತು. ಹೇಳಬೇಕಾದ ಕೊರಿಯನ್ ಮಾತನ್ನು ಶಿಹೋ ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಚೀಟಿ ಕೈಯಲ್ಲೇ ಇತ್ತು. ಕಣ್ಣಿಗೆ ಅಕ್ಷರ ಕಾಣಲಿಲ್ಲ. ಬಾಯಿಯಿಂದ ನಮ್ಮ ಮಾತೇ ಬಂತು.

"ಸೆತ್ಸು, ನಾನು ಮಿನೆಕೊ. ಡಾಕ್ಟ್ರು ನಾಳೆನೇ ಬರ್ತಾರಂತೆ. ಮಾಡಿನ ಹಿಮ ಹಾಗೇ ಬಿಡು, ಬಂದ್ಬಿಡು."

ಆ ಕಡೆಯವಳಿಗೆ ನನ್ನ ಮಾತು ತಿಳಿಯುವ ಹಾಗಿರಲಿಲ್ಲ. ಆದರೆ ಫೋನು ಇಡಲಿಲ್ಲ. ಆಮೇಲೆ ಮೆಲ್ಲಗೆ "ನೇ, ನೇ" ಎಂದಳು, ಹೂಂಗುಟ್ಟುವ ಹಾಗೆ, ಅಳುವವರನ್ನು ಸಮಾಧಾನ ಮಾಡುವ ದನಿಯಲ್ಲಿ. ನನ್ನ ಬೆನ್ನ ಮೇಲೆ ಫುಕುಯೆಯ ಕೈ ಬಿತ್ತು. ಅಷ್ಟರಲ್ಲಿ ಶಿಹೋ ಓಡಿಬಂದು ಮಾತನ್ನು ಅನುವಾದಿಸುವ ತನ್ನ ಮೊಬೈಲನ್ನು ನಡುವೆ ಹಿಡಿದು, ನಾವು ಯಾರು, ಎಷ್ಟು ಮಂಗಳವಾರದಿಂದ ಮಾಡುತ್ತಿದ್ದೇವೆ, ಏನು ಚಿತ್ರ ಎಂದೆಲ್ಲ ಹೇಳಿದಳು.

ಅವಳ ಹೆಸರು ಮಲ್‌ಸುನ್. ಕೇಂದ್ರ ಮುಚ್ಚಿ ಆರು ವರ್ಷವಾಗಿತ್ತು, ಬೀಗದಕೈ ಅವಳ ಬಳಿ.

"ಮಂಗಳವಾರ ಹತ್ತಕ್ಕೆ ಯಾರಾದ್ರೂ ಒಳಗಿರ್ತಾರೇನಮ್ಮ? ಔಷಧಿ ದೋಣಿ ಬರೋದೇ ಆ ಹೊತ್ತಿಗೆ. ಎಲ್ಲಾರೂ ದಡದಲ್ಲಿರ್ತೀವಿ. ಇವತ್ತು ಗಾಳಿಗೆ ದೋಣಿ ಬರ್ಲಿಲ್ಲ. ನಾವು ಹದಿನಾಲ್ಕು ಮುದುಕೀರು. ಏನೋ ಚಿತ್ರ ಅಂದ್ರಲ್ಲ, ಕಳಿಸಿ. ಇನ್ಮೇಲೆ ಬುಧವಾರ ಮಾಡಿ."

ಶಿಹೋ ಪಟ್ಟಿಯಲ್ಲಿ ಬರೆದುಕೊಂಡಳು: ಮಲ್‌ಸುನ್, ಫೋನು, ಬುಧವಾರ ಮಾತ್ರ.

ಪೆಟ್ಟಿಗೆಯ ತಳದಲ್ಲಿ ಹಳೆಯ ಸರಪಳಿಯ ಹಾಳೆ ಇತ್ತು, ಹಳದಿಯಾಗಿತ್ತು. ಫುಕುಯೆ ಅದನ್ನು ಬಿಡಿಸಿ ನನ್ನ ಮುಂದಿಟ್ಟು ಪೆನ್ಸಿಲು ಕೊಟ್ಟಳು. ಸೆತ್ಸುವಿನ ಹೆಸರಿನ ಮುಂದೆ ಗುರುತು ಹಾಕುವ ಜಾಗ ಖಾಲಿ ಇತ್ತು. ನೋಡಿದೆ. ಹಾಕಲಿಲ್ಲ. ಅವಳಿಗೆ ಸುದ್ದಿ ಮುಟ್ಟಿರಲಿಲ್ಲ. ಹಾಳೆಯ ಕೆಳಗೆ, ಮೂವತ್ತೆಂಟನೆಯ ಹೆಸರಾದ ಮೇಲೆ, ಮಲ್‌ಸುನ್ ಎಂದು ಬರೆದು ಅದರ ಮುಂದೆ ಗುರುತು ಹಾಕಿದೆ.

"ಬುಧವಾರ ಭವನ ತೆಗ್ಯೋದ್ಯಾರು?" ಎಂದಳು ಫುಕುಯೆ.

"ಭವನ ಯಾಕೆ? ನಮ್ಮನೇಲೂ ಫೋನಿದೆ. ಬೇಗ ಬಾ, ನಿಂಗೆ ಉಪ್ಪಿಲ್ಲದ ಸಾರು ಮಾಡಿರ್ತೀನಿ."