ಯಾವ ಕಥೆ ಹೇಳಿದರೂ ನಂಬಬೇಡ

೧. ಎಲ್ಲಿಂದ ಶುರು ಮಾಡೋಣ ಹೇಳಿ? ಪಾರ್ಲರಿನ ಕನ್ನಡಿಯಿಂದ ಶುರು ಮಾಡಿದ್ದೆ, ಹರಿದು ಹಾಕಿದೆ. (ಕನ್ನಡಿಯಿಂದ ಕಥೆ ಶುರು ಮಾಡುವವರಿಗೆ ನಾಚಿಕೆಯಾಗಬೇಕು.) ಹಾಳಾಗಲಿ, ದುಡ್ಡಿನಿಂದಲೇ ಶುರುವಾಗಲಿ.

ಅವಳು ಕೂದಲು ಕತ್ತರಿಸುವವಳು. ಕೈ ಬಲು ಚುರುಕು, ಆದರೆ ಸಂಬಳ ಬಂದ ವಾರದಲ್ಲೇ ಮಂಗಮಾಯ. ಡಾಕ್ಟರು ಎಡಿಎಚ್‌ಡಿ ಅಂದರು, ಗಮನ ನಿಲ್ಲದ, ಆಸೆ ತಡೆಯಲಾಗದ ತೊಂದರೆಯಂತೆ; ಬಜೆಟ್ ಹಾಕಿಕೊಳ್ಳಿ ಅಂದರು. ಬಜೆಟ್ ಆ್ಯಪ್ ಹಾಕಿಕೊಂಡಳು, ಪಾಸ್‌ವರ್ಡ್ ಮರೆತಳು. ಕೊನೆಗೆ ಸಂಬಳ ಬಂದ ದಿನವೇ ಉಳಿಸಬೇಕಾದ್ದನ್ನೆಲ್ಲ ಅಕ್ಕನ ಖಾತೆಗೆ ಹಾಕತೊಡಗಿದಳು.

"ಅಕ್ಕ, ನಾನೇ ಬಂದು ಕಾಲಿಗೆ ಬಿದ್ರೂ ಕೊಡಬೇಡ. ಯಾವ ಕಥೆ ಹೇಳಿದ್ರೂ ನಂಬಬೇಡ."

ಅಕ್ಕ ಮಾತಿಗೆ ತಪ್ಪುವವಳಲ್ಲ. ಈಗಿನ ಫಜೀತಿಯೇ ಅದು.

೨. (ಇದನ್ನು ಅಳಿಸಬೇಕೆಂದಿದ್ದೆ.) ಅಕ್ಕನಿಂದ ಆ ಮಾತು ಪಡೆಯುವ ಮುಂಚೆ ಒಮ್ಮೆ, ತನ್ನ ಮಗಳಿಗೆ ವಿಪರೀತ ಜ್ವರ ಅಂತ ಹಣ ಕೇಳಿದ್ದಳು. ಅಕ್ಕ ಹೆದರಿ ಕಳಿಸಿದಳು. ಸಂಜೆ ಓಡಿಬಂದು ನೋಡಿದರೆ ಮಗು ಕುಣಿಯುತ್ತಿದೆ, ಪಕ್ಕದಲ್ಲಿ ಹೊಸ ಗಿಟಾರ್. ಆ ಗಿಟಾರ್ ಈಗ ಮಂಚದಡಿ ಧೂಳು ತಿನ್ನುತ್ತಿದೆ.

"ಅದನ್ನ ಯಾಕೆ ಬರೀತೀರ?" ಎಂದು ಅವಳು ನನ್ನನ್ನೇ ಕೇಳಿದಳು. "ಓದೋರೂ ನನ್ನ ನಂಬಲ್ಲ ಆಮೇಲೆ."

"ಸುಳ್ಳು ಹೇಳಿದ್ದು ನೀನಲ್ವಾ?"

"ಆ ಗಳಿಗೇಲಿ ಬೇಕೇ ಬೇಕು ಅನಿಸಿಬಿಡುತ್ತೆ. ಉಸಿರು ಬೇಕಲ್ಲ, ಹಾಗೆ."

೪. (ಮೂರನ್ನು ಎಲ್ಲಿಟ್ಟೆನೋ.) ಇವತ್ತು ಮಗಳಿಗೆ ನಿಜವಾಗಿಯೂ ಉಸಿರು ಸಿಗುತ್ತಿಲ್ಲ. ಮಗು ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದೆ. ಮುಂಗಡ ಕಟ್ಟಿದರೆ ಮೇಲಿನ ವಾರ್ಡಿಗೆ ಕಳಿಸುತ್ತೇವೆ ಎನ್ನುತ್ತಾನೆ ಕೌಂಟರಿನವನು. ಅವಳ ಪರ್ಸಿನಲ್ಲಿ ಬಸ್ಸಿನ ಚಿಲ್ಲರೆ.

"ಅಕ್ಕ, ಮಗೂಗೆ ಉಸಿರಾಡಕ್ಕೆ ಆಗ್ತಿಲ್ಲ. ದುಡ್ಡು ಕಳಿಸು."

"ಈ ಸಲ ಅಂಗಡೀಲಿ ಏನು ನೋಡಿಟ್ಟಿದೀಯ?"

"ಅಕ್ಕ, ಆಣೆಗೂ."

"ಏನು ಹೇಳಿದ್ರೂ ನಂಬಬೇಡ ಅಂದೋಳು ನೀನೇ ಕಣೇ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು." ಫೋನ್ ಕಟ್ಟಾಯಿತು.

(ಫೋಟೋ ಕಳಿಸಬಹುದಲ್ಲ ಎನ್ನುತ್ತೀರಿ. ಕಳಿಸಿದಳು. ಗಿಟಾರಿನ ಸಲವೂ ಕಳಿಸಿದ್ದಳು, ನಿದ್ದೆ ಮಾಡುತ್ತಿದ್ದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿ.)

೫. ಅಕ್ಕನ ಮನಸ್ಸು ಕರಗಿತು ಎಂದು ಬರೆದೆ. ಸಿನಿಮಾ ಆಯಿತು, ಹೊಡೆದು ಹಾಕಿದೆ. ಕೌಂಟರಿನವನಿಗೆ ಕರುಣೆ ಬಂತು ಎಂದು ಬರೆದೆ. ನನಗೇ ನಗು ಬಂತು. ಮೂರನೆಯ ಮುಕ್ತಾಯಕ್ಕೆ ಕೈಹಾಕಿದಾಗ ಅವಳು ನನ್ನ ಪೆನ್ನು ಹಿಡಿದುಕೊಂಡಳು.

"ಅದನ್ನ ಬರೀಬೇಡಿ. ಕಾಲಿಗೆ ಬೀಳ್ತೀನಿ."

ನನಗೆ ಭಯವಾಯಿತು, ಪೆನ್ನು ಕೆಳಗಿಟ್ಟೆ. ಈ ಕಥೆಯನ್ನು ನಾನು ಮುಗಿಸುವುದಿಲ್ಲ. ಅವಳು ಮತ್ತೆ ನಂಬರು ಒತ್ತುತ್ತಿದ್ದಾಳೆ. ಅತ್ತ ಅಕ್ಕ, ತಂಗಿಯ ಮೇಲಿನ ಪ್ರೀತಿಯಿಂದಲೇ, ಫೋನನ್ನು ಬೋರಲು ಹಾಕಿ ಕೂತಿದ್ದಾಳೆ.